ಕಡತಕ್ಕೆ ಹೊಸ ಕಣ್ಣು ಬೇಕು

ನಿವೃತ್ತ ಪತ್ತೇದಾರರೊಬ್ಬರು ಹಳೆಯ ನಾಪತ್ತೆ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡರೆಂದರೆ ಎಲ್ಲರಿಗೂ ಭರವಸೆ ಮೂಡುತ್ತದೆ. ಪಿಂಚಣಿ ಬಂದ ಮೇಲೂ ಆ ಚಿಂತೆ ಬಿಡದ ಮನುಷ್ಯನ ಬಗ್ಗೆ ನನಗೂ ಗೌರವವಿದೆ. ಆದರೆ ಆ ಕಾಡುವ ನೆನಪೇ ತನಿಖೆಗೆ ದೊಡ್ಡ ಬಲ ಎಂಬ ಮಾತನ್ನು ಒಪ್ಪುವುದು ನನಗೆ ಕಷ್ಟ.

1966ರ ಜನವರಿ 26ರಂದು ಆಸ್ಟ್ರೇಲಿಯಾದ ಅಡಿಲೇಡ್ ಬಳಿಯ ಗ್ಲೆನೆಲ್ಗ್ ಕಡಲತೀರಕ್ಕೆ ಹೋದ ಬ್ಯೂಮಾಂಟ್ ದಂಪತಿಯ ಮೂವರು ಮಕ್ಕಳು ಮರಳಿ ಬರಲೇ ಇಲ್ಲ. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ಎರಡು ವರ್ಷದ ಬಳಿಕ ದೊಡ್ಡ ಮಗಳ ಹೆಸರಿನಲ್ಲಿ ಪತ್ರಗಳು ಬಂದವು. ಹೆತ್ತವರು ಪತ್ತೇದಾರರೊಬ್ಬರ ಜೊತೆ ಪತ್ರದಲ್ಲಿ ಹೇಳಿದ್ದ ಜಾಗವಾದ ಡ್ಯಾಂಡಿನಾಂಗ್‌ವರೆಗೂ ಹೋಗಿ ಕಾದರು, ಯಾರೂ ಬರಲಿಲ್ಲ. ಆ ಪತ್ರಗಳು ಯಾರದೋ ಕಿಡಿಗೇಡಿತನ ಎಂದು ಬೆರಳಚ್ಚಿನಿಂದ ಖಚಿತವಾಗಲು 1990ರ ದಶಕದವರೆಗೆ ಕಾಯಬೇಕಾಯಿತು. ಪ್ರಕರಣದಲ್ಲಿ ದುಡಿದಿದ್ದ ಸ್ಟಾನ್ಲಿ ಸ್ವೇನ್ ನಿವೃತ್ತಿಯ ಬಳಿಕವೂ ಅದನ್ನು ಕೈಬಿಡಲಿಲ್ಲ. ಅದೇ ದಶಕದಲ್ಲಿ ಕ್ಯಾನ್‌ಬೆರಾದ ಮಹಿಳೆಯೊಬ್ಬರನ್ನು ತೋರಿಸಿ, ಕಾಣೆಯಾದ ಆ ಹುಡುಗಿ ಇವರೇ ಎಂದರು. ಆಕೆ ಅವಳಾಗಿರಲಿಲ್ಲ. ಸ್ವೇನ್ ಅವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಅಷ್ಟು ಕಾಲ ಹುಡುಕಿದವನಿಗೆ ಉತ್ತರ ಬೇಕೇಬೇಕು ಅನ್ನಿಸಿಬಿಡುತ್ತದೆ. ಆ ಹಂಬಲದ ಭಾರ ಏನೂ ಅರಿಯದ ಹೆಂಗಸಿನ ಮೇಲೆ, ಮತ್ತೊಮ್ಮೆ ಆ ತಂದೆತಾಯಿಯ ಮೇಲೆ ಬಿತ್ತು.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಆದದ್ದೇ ಬೇರೆ. 1975ರ ಮಾರ್ಚ್‌ನಲ್ಲಿ ವ್ಹೀಟನ್‌ನ ಮಾಲ್‌ಗೆ ಹೋದ ಲಯನ್ ಸೋದರಿಯರು ಕಾಣೆಯಾದರು. ಕೆಲವೇ ದಿನಗಳಲ್ಲಿ ಲಾಯ್ಡ್ ವೆಲ್ಚ್ ಎಂಬ ಹದಿನೆಂಟರ ಯುವಕ ತಾನಾಗಿ ಬಂದು ಹೇಳಿಕೆ ಕೊಟ್ಟ. ಸುಳ್ಳುಪತ್ತೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೂ ಪೊಲೀಸರು ಅವನನ್ನು ಕಳಿಸಿಬಿಟ್ಟರು. ಆ ಹೇಳಿಕೆ ಕಡತದಲ್ಲೇ ಉಳಿಯಿತು. 2013ರಲ್ಲಿ, ಮೊದಲ ತನಿಖೆಯಲ್ಲಿ ಇರದಿದ್ದ ಪತ್ತೇದಾರರೊಬ್ಬರ ಕಣ್ಣಿಗೆ ಅದು ಬಿತ್ತು. ಮುಂದೆ ವರ್ಷಗಟ್ಟಲೆ ವಿಚಾರಣೆ ನಡೆದು 2017ರಲ್ಲಿ ವೆಲ್ಚ್ ತಪ್ಪೊಪ್ಪಿಕೊಂಡ. ಹುಡುಗಿಯರ ದೇಹ ಇನ್ನೂ ಸಿಕ್ಕಿಲ್ಲ.

ತಾನೇ ಬಿಟ್ಟುಕಳಿಸಿದವನನ್ನು ಮತ್ತೆ ಅನುಮಾನಿಸುವುದು ಮೊದಲ ತನಿಖೆಗಾರನಿಗೆ ಕಷ್ಟ. ‘ಇವನನ್ನು ಆಗಲೇ ನೋಡಿ ಆಯಿತು’ ಎಂಬ ಒಂದು ನೆನಪು ಸಾಕು, ಪುಟ ಮಗುಚಿಹೋಗುತ್ತದೆ. ಹೊಸಬನಿಗೆ ಆ ನೆನಪಿಲ್ಲ. ಎಲ್ಲ ಹಾಳೆಯನ್ನೂ ಓದುವುದು ಅವನಿಗೆ ಅನಿವಾರ್ಯ.

ಹಾಗೆಂದು ಹಿರಿಯರನ್ನು ದೂರ ಇಡಬೇಕೆಂದು ನಾನು ಹೇಳುತ್ತಿಲ್ಲ. ಯಾವ ಸಾಕ್ಷಿ ಹೆದರಿದ್ದ, ಯಾವ ಮಾತು ಬರವಣಿಗೆಗೆ ಇಳಿಯಲಿಲ್ಲ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಅದಕ್ಕಾಗಿ ಅವರನ್ನು ಸಾಕ್ಷಿಯಾಗಿ ಕರೆದು, ಹೇಳಿಕೆ ಬರೆಸಿಕೊಂಡು, ಬೇರೆ ಸಾಕ್ಷಿಗಳ ಮಾತಿನಂತೆಯೇ ಅದನ್ನೂ ಪರೀಕ್ಷಿಸಬೇಕು. ಅದೂ ಹೊಸ ಅಧಿಕಾರಿ ಇಡೀ ಕಡತವನ್ನು ತಾನೇ ಓದಿ, ತನ್ನ ಪ್ರಶ್ನೆಗಳನ್ನು ಬರೆದುಕೊಂಡ ಮೇಲೆ.