ಏಜೆಂಟಿಗೂ ಒಂದು ನಿಯಮಪುಸ್ತಕ

ಹೊಸಪೇಟೆ–ಬಳ್ಳಾರಿ ರೈಲು ಮಾರ್ಗದ ಗಾದಿಗನೂರು ದೊಡ್ಡ ನಿಲ್ದಾಣವೇನಲ್ಲ. ಆದರೂ ರೈಲ್ವೆಯ ಪದ್ಧತಿಯಂತೆ ಇಂಥ ಪ್ರತಿ ನಿಲ್ದಾಣಕ್ಕೂ ಅದರದೇ ಆದ ಕಾರ್ಯನಿಯಮಗಳ ಪುಸ್ತಕ ಇರಲೇಬೇಕು. ಇಡೀ ದೇಶಕ್ಕೆ ಅನ್ವಯಿಸುವ ಸಾಮಾನ್ಯ ನಿಯಮಗಳಿದ್ದರೆ ಸಾಲದು. ಈ ನಿಲ್ದಾಣದಲ್ಲಿ ಹಳಿಗಳು ಹೇಗೆ ಕವಲೊಡೆಯುತ್ತವೆ, ಸಿಗ್ನಲ್ ಕೆಟ್ಟರೆ ಗಾಡಿ ಬಿಡುವ ಕ್ರಮವೇನು, ಯಾವ ಹೊಣೆ ಯಾರದು ಎಂಬುದೆಲ್ಲ ಬರಹದಲ್ಲಿರುತ್ತದೆ. ಓದಿ ತಿಳಿದುಕೊಂಡಿದ್ದೇನೆ ಎಂದು ಸಿಬ್ಬಂದಿ ಸಹಿಯನ್ನೂ ಹಾಕಬೇಕು. ಅದಿರು ತುಂಬಿದ ಗಾಡಿಯನ್ನು ಲೂಪ್ ಲೈನಿಗೆ ತಿರುಗಿಸಲು ಇಷ್ಟು ಬರಹ ಬೇಕಾಗುವಾಗ, ಲಕ್ಷಾಂತರ ಜನ ಬಳಸುವ ತಂತ್ರಾಂಶವನ್ನು ಸರ್ವರಿಗೆ ಏರಿಸುವ ಕೆಲಸವನ್ನು ಎಐ ಏಜೆಂಟಿಗೆ ಒಪ್ಪಿಸುವವರು ಅದರ ಕೈಪಿಡಿಯನ್ನು ಎಷ್ಟು ಗಂಭೀರವಾಗಿ ಬರೆಯಬೇಕು?

ಇನ್‌ಸ್ಟಾಲ್ ಮಾಡುವುದು ಹೇಗೆ, ಯಾವ ಆದೇಶ ಕೊಟ್ಟರೆ ಏನಾಗುತ್ತದೆ ಎಂದು ಹೇಳಿ ಮುಗಿಸುವುದು ಕೈಪಿಡಿಗಳ ಹಳೆಯ ರೂಢಿ. 2013ರಲ್ಲಿ ಡಾಕರ್, 2014ರಲ್ಲಿ ಕುಬರ್ನೆಟೀಸ್ ಬಂದ ಮೇಲೆ ತಂತ್ರಾಂಶವನ್ನು ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಕಂಟೇನರ್‌ಗಳಲ್ಲಿ ಕಟ್ಟಿ ಓಡಿಸುವುದು ಸಾಮಾನ್ಯವಾಯಿತು. ಆಗ ಆ ರೂಢಿಯೇ ಸಾಕಾಗಿತ್ತು, ಏಕೆಂದರೆ ಆದೇಶ ಕೊಡುವವನು ಮನುಷ್ಯನೇ ಆಗಿದ್ದ. ಏಜೆಂಟ್ ಹಾಗಲ್ಲ. ಲಾಗ್ ಓದಿ, ದೋಷ ಊಹಿಸಿ, ಆದೇಶವನ್ನೂ ತಾನೇ ಕೊಡುತ್ತದೆ. ಹೀಗಾಗಿ ಅದರ ಕೈಪಿಡಿಯ ಮೊದಲ ಪುಟಗಳಲ್ಲಿ ಇರಬೇಕಾದದ್ದು ಅದರ ಸಾಮರ್ಥ್ಯದ ವರ್ಣನೆಯಲ್ಲ; ಅದು ಏನು ಮಾಡಕೂಡದು, ಎಲ್ಲಿ ನಿಂತು ಒಪ್ಪಿಗೆ ಕೇಳಬೇಕು, ಮಾಡಿದ್ದರಲ್ಲಿ ಯಾವುದನ್ನು ಹಿಂದೆ ಪಡೆಯಲಾಗದು ಎಂಬುದು. ಕುಬರ್ನೆಟೀಸಿನಲ್ಲಿ ಹೊಸ ಆವೃತ್ತಿ ಕೈಕೊಟ್ಟರೆ ‘ರೋಲ್‌ಔಟ್ ಅನ್‌ಡೂ’ ಎಂಬ ಆದೇಶ ಹಳೆಯ ಆವೃತ್ತಿಯನ್ನು ಮರಳಿ ತರುತ್ತದೆ. ಆದರೆ ಹೊಸ ಆವೃತ್ತಿ ಅಷ್ಟರಲ್ಲಿ ಡೇಟಾಬೇಸ್‌ನಲ್ಲಿ ಅಳಿಸಿದ ಕಾಲಂ ಅದರಿಂದ ಮರಳುವುದಿಲ್ಲ. ತಂತ್ರಾಂಶದ ಭಾಗಗಳನ್ನು ಒಟ್ಟಿಗಿಡುವ ನೇಮ್‌ಸ್ಪೇಸ್ ಎಂಬ ವಿಭಾಗವನ್ನೇ ಅಳಿಸಿ ಹೊಸದಾಗಿ ಕಟ್ಟುವುದು ಏಜೆಂಟಿಗೆ ಬಲು ಸಲೀಸಾದ ಪರಿಹಾರವಾಗಿ ಕಾಣಬಹುದು. ಹಾಗೆ ಅಳಿಸಿದಾಗ ಅದರೊಳಗಿನ ದತ್ತಾಂಶ ಸಂಗ್ರಹಕ್ಕೆ ಜಾಗ ಕೇಳುವ ಬೇಡಿಕೆಗಳೂ ಅಳಿಯುತ್ತವೆ, ಬೇರೆ ಏರ್ಪಾಟು ಮಾಡಿಡದಿದ್ದರೆ ಎಷ್ಟೋ ಸಲ ದತ್ತಾಂಶವೂ ಹೋಗುತ್ತದೆ. ಅನುಭವಿ ಎಂಜಿನಿಯರ್ ಇದನ್ನು ಬಾಯಿಮಾತಲ್ಲಿ ಹೇಳಿ ಕಿರಿಯರನ್ನು ತಡೆಯುತ್ತಾನೆ. ಬರೆದಿಡದಿದ್ದರೆ ಏಜೆಂಟಿಗೆ ಆ ಬಾಯಿಮಾತು ತಲುಪುವ ದಾರಿಯೇ ಇಲ್ಲ.

ಬರಹವಿಲ್ಲದ ಕೆಲಸದ ಬೆಲೆ ಎಷ್ಟೆಂಬುದು ಏಜೆಂಟುಗಳು ಬರುವ ಮೊದಲೇ ಗೊತ್ತಾಗಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸುಮಾರು 45 ನಿಮಿಷಗಳಲ್ಲಿ 46 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹಾಕುವುದು ತಪ್ಪಿಹೋಗಿತ್ತು. ಇನ್ನೊಬ್ಬರು ಪರಿಶೀಲಿಸಬೇಕು ಎಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲ ಎಂದು ಅಲ್ಲಿನ ಷೇರುಪೇಟೆ ನಿಯಂತ್ರಕರು ದಾಖಲಿಸಿದ್ದಾರೆ.

ಏಜೆಂಟಿಗೆ ಮಾತೇ ಅರ್ಥವಾಗುತ್ತದಲ್ಲ, ಕೈಪಿಡಿ ಯಾಕೆ, ಅದನ್ನೇ ಕೇಳಿದರಾಯಿತು ಎನ್ನುವವರಿದ್ದಾರೆ. 2025ರ ಜುಲೈಯಲ್ಲಿ ಸುದ್ದಿಯಾದ, ರೆಪ್ಲಿಟ್ ಎಂಬ ಕೋಡಿಂಗ್ ವೇದಿಕೆಯ ಎಐ ಏಜೆಂಟಿನ ಪ್ರಕರಣ ಇದಕ್ಕೆ ಉತ್ತರ. ಯಾವ ಬದಲಾವಣೆಯನ್ನೂ ಮಾಡಬೇಡ ಎಂದು ಬಳಕೆದಾರ ಹೇಳಿದ್ದರೂ ಆ ಏಜೆಂಟ್ ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಅಳಿಸಿತು. ಅದನ್ನು ಮರಳಿ ಪಡೆಯಲಾಗದು ಎಂದೂ ಹೇಳಿತು. ಆದರೆ ಪಡೆಯಲು ಸಾಧ್ಯವಿತ್ತು. ತನ್ನ ಸಾಮರ್ಥ್ಯದ ಬಗ್ಗೆಯೇ ತಪ್ಪು ಹೇಳಬಲ್ಲ ಸಾಧನಕ್ಕೆ ಅದರ ಹೊರಗಿನ ಲಿಖಿತ ಆಧಾರ ಬೇಕೇ ಬೇಕು.

ಇದೇ ಪ್ರಕರಣದಿಂದ ಇನ್ನೂ ಬಲವಾದ ಆಕ್ಷೇಪ ಹುಟ್ಟುತ್ತದೆ: ಬೇಡವೆಂದು ಹೇಳಿದ್ದನ್ನೇ ಮೀರುವ ಯಂತ್ರ ಬರೆದದ್ದನ್ನು ಪಾಲಿಸೀತೆ? ಬರಹವೊಂದರಿಂದಲೇ ಪಾಲಿಸದು, ಒಪ್ಪೋಣ. ರೈಲ್ವೆ ಕೂಡ ಪುಸ್ತಕವನ್ನಷ್ಟೇ ನಂಬಿ ಕೂತಿಲ್ಲ; ಪಾಯಿಂಟು ಸರಿಯಾಗಿ ಕೂತು ಲಾಕ್ ಆಗುವವರೆಗೆ ಸಿಗ್ನಲ್ ಬೀಳದಂತೆ ಇಂಟರ್‌ಲಾಕಿಂಗ್ ಇಟ್ಟಿದೆ. ಹಾಗೆಯೇ ಅಳಿಸುವ ಅನುಮತಿಯನ್ನು ಏಜೆಂಟಿನ ಖಾತೆಗೆ ಕೊಡದಿರುವ ವ್ಯವಸ್ಥೆ ಕುಬರ್ನೆಟೀಸಿನಲ್ಲೇ ಇದೆ. ಆದರೆ ಯಾವುದಕ್ಕೆ ಬೀಗ ಹಾಕಬೇಕು ಎಂದು ಮೊದಲು ಯಾರಾದರೂ ಕೂತು ಬರೆಯಲೇಬೇಕಲ್ಲ. ಬರೆದದ್ದು ಹಳತಾಗುತ್ತದೆ ಎಂಬ ದೂರು ನಿಜ. ಕೈಪಿಡಿಯನ್ನು ಕೋಡ್ ಜೊತೆಯಲ್ಲೇ ಇಟ್ಟು, ಅನುಮತಿಯ ಕಡತ ಬದಲಾದಾಗ ಇದೂ ಬದಲಾಗದಿದ್ದರೆ ಬಿಡುಗಡೆಯನ್ನೇ ತಡೆದರೆ ಆ ದೂರು ಬಹುಪಾಲು ಕರಗುತ್ತದೆ. ಕೆಲಸ ನಿಧಾನವಾಗುತ್ತದೆ, ಹೌದು. ಲೈವ್ ಸರ್ವರಿನ ವಿಷಯದಲ್ಲಿ ಅದು ದೋಷವೆಂದು ನನಗೆ ತೋರುವುದಿಲ್ಲ.

ಇಂಥ ಉಪಕರಣ ಕೊಳ್ಳುವ ಕಂಪನಿಗಳು, ಸರ್ಕಾರಿ ಕಚೇರಿಗಳು ಡೆಮೊ ನೋಡುವ ಮೊದಲು ಹಿಂದೆ ಪಡೆಯಲಾಗದ ಕೆಲಸಗಳ ಪಟ್ಟಿಯನ್ನು ಕೇಳಲಿ. ಆ ಪಟ್ಟಿ ಕೊಡಲಾಗದವರ ಏಜೆಂಟಿಗೆ ಲೈವ್ ಸರ್ವರಿನ ಕೀಲಿ ಕೊಡಬಾರದು.