ಹೊಸೂರನ್ನು ಕಳೆಯುತ್ತಿರುವವರು ಯಾರು?

ನಮ್ಮ ಕಡೆ ನಾಲ್ಕು ಜನ ಕನ್ನಡದವರು ಸೇರಿದರೆ ಈಗ ಒಂದೇ ಮಾತು. ಮದುವೆ ಮನೆಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ... "ಊರು ನಮ್ಮ ಕೈ ತಪ್ಪಿ ಹೋಯ್ತು ಮೇಷ್ಟ್ರೇ, ಎಲ್ಲಿ ನೋಡಿದ್ರೂ ಹೊರಗಿನವ್ರು, ಬೀದೀಲಿ ಒಬ್ಬರ ಮುಖಾನೂ ಗೊತ್ತಾಗಲ್ಲ." ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೇಜಾರು ಮಾಡಿಕೊಳ್ಳಿ!

ಊರು ಬದಲಾಗಿದೆ, ಅದು ಸುಳ್ಳಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕಾ ವಸಾಹತು ಬಂತು. 80ರ ದಶಕದಲ್ಲಿ ಲಾರಿ, ಮೊಪೆಡ್, ಕೈಗಡಿಯಾರ ಎಲ್ಲ ಇಲ್ಲೇ ತಯಾರಾಗತೊಡಗಿದವು. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 84 ಸಾವಿರ. 2011ರಲ್ಲಿ 1 ಲಕ್ಷ 16 ಸಾವಿರ ದಾಟಿತ್ತು. ಆಮೇಲೆ ಮತ್ತಿಗಿರಿ, ಜುಜುವಾಡಿಯಂಥ ಸುತ್ತಲಿನ ಊರುಗಳನ್ನೂ ಸೇರಿಸಿಕೊಂಡು 2019ರಲ್ಲಿ ಮಹಾನಗರ ಪಾಲಿಕೆಯೇ ಆಯಿತು. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿಗಳು ಇಲ್ಲಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನೂ ವಿಧಾನಸಭೆಯಲ್ಲಿ ಘೋಷಿಸಿದರು. ಜಾಗದ ಬೆಲೆ ಏನಾಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೊಬೈಲ್ ಫೋನಿನ ಭಾಗ ಮಾಡುವ ಕಾರ್ಖಾನೆಗಳಿಗೆ ಜಾರ್ಖಂಡ್, ಒಡಿಶಾದ ಹೆಣ್ಣುಮಕ್ಕಳು ಬರುತ್ತಾರೆ. ಕಟ್ಟಡದ ಕೆಲಸಕ್ಕೆ ಬಿಹಾರ, ಬಂಗಾಳದ ಹುಡುಗರು ಬರುತ್ತಾರೆ. ಬೆಂಗಳೂರಿನ ಬಾಡಿಗೆ ಕಟ್ಟಲಾರದವರು ಅತ್ತಿಬೆಲೆ ದಾಟಿ ಈಚೆಗೆ ಬರುತ್ತಾರೆ.

ಇಷ್ಟೂ ನಿಜ. ಆದರೆ ಇದರಿಂದ "ಬಂದವರು ಊರು ಕೆಡಿಸಿದರು" ಅನ್ನುವ ತೀರ್ಮಾನಕ್ಕೆ ಹೇಗೆ ಬರುತ್ತೀರಿ?

ಊರಿನ ಹೆಸರನ್ನೇ ನೋಡಿ. ಹೊಸ ಊರು. ಬೆಟ್ಟದ ಮೇಲಿನ ಚಂದ್ರಚೂಡೇಶ್ವರ ದೇವಸ್ಥಾನದ ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಸೆವಿಡಪಾಡಿ. ಅಂದರೆ ಯಾವುದೋ ಕಾಲದಲ್ಲಿ ಯಾರೋ ಬಂದು ಹೊಸದಾಗಿ ನೆಲೆ ನಿಂತಿದ್ದಕ್ಕೇ ಅಲ್ಲವೇ ಈ ಕನ್ನಡದ ಹೆಸರು ಬಂದದ್ದು? 13ನೇ ಶತಮಾನದಲ್ಲಿ ಹೊಯ್ಸಳ ರಾಮನಾಥ ನಮ್ಮ ಪಕ್ಕದ ಕುಂದಾಣಿಯಿಂದ ಆಳಿದ. ವಿಜಯನಗರದ ಕಾಲದಲ್ಲಿ ತೆಲುಗಿನವರು ಬಂದರು. ಉರ್ದು ಮಾತಾಡುವವರು ಬಂದರು. 1791ರಲ್ಲಿ ಟಿಪ್ಪುವಿನ ಕೈಯಿಂದ ಕೋಟೆ ಹೋಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಸೀಮೆಯೇ ಕಂಪನಿಯ ಪಾಲಾಗಿ ಸೇಲಂ ಜಿಲ್ಲೆಗೆ ಸೇರಿತು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳಾದಾಗಲೂ ನಾವು ಮದ್ರಾಸ್ ರಾಜ್ಯದಲ್ಲೇ ಉಳಿದೆವು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ಇಲ್ಲಿ ಒಂದೇ ಬೀದಿಯಲ್ಲಿ ಮೂರು ಭಾಷೆ ಕೇಳುವುದು ಯಾವತ್ತೂ ವಿಶೇಷವೇ ಆಗಿರಲಿಲ್ಲ. ಇಂಥ ಊರಿನಲ್ಲಿ ನಿಂತುಕೊಂಡು "ನಾವು ಮೂಲದವರು, ಅವರು ಬಂದವರು" ಅಂತ ಗೆರೆ ಎಳೆದರೆ ಆ ಗೆರೆ ನಮ್ಮ ಕಾಲ ಕೆಳಗೇ ಬರುತ್ತದೆ.

ಇನ್ನೂ ಒಂದು ಮಾತು. ನಮ್ಮ ಶಾಲೆಗಳಲ್ಲಿ ಓದಿದ ಎಷ್ಟು ಮಕ್ಕಳು ದಿನಾ ಬೆಳಿಗ್ಗೆ ಗಡಿ ದಾಟಿ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗೆ ದುಡಿಯಲು ಹೋಗುತ್ತಾರೆ? ಅಲ್ಲಿನ ಹಳ್ಳಿಯವರ ಕಣ್ಣಿಗೆ ಅವರೂ ಹೊರಗಿನವರೇ. ನಮ್ಮ ಮಗ ಅಲ್ಲಿಗೆ ಹೋದರೆ "ಕೆಲಸ ಸಿಕ್ಕಿತು". ಇನ್ಯಾರದೋ ಮಗ ಇಲ್ಲಿಗೆ ಬಂದರೆ "ಊರು ಕೆಟ್ಟಿತು". ಇದ್ಯಾವ ನ್ಯಾಯ?

ಹಾಗಾದರೆ ಊರು ಕಳೆದುಹೋಗುತ್ತಿರುವುದು ಸುಳ್ಳೇ? ಅಲ್ಲ. ಆದರೆ ಅದನ್ನು ಕಳೆಯುತ್ತಿರುವವರು ಯಾರು ಅಂತ ಸರಿಯಾಗಿ ನೋಡಬೇಕು. ಕೆರೆ ಕೆಳಗಿನ ಗದ್ದೆಯನ್ನು ಸೈಟು ಮಾಡಿ ಮಾರಿದವರು ಬಿಹಾರದ ಹುಡುಗರಲ್ಲ. ಗುಂಡುತೋಪು ಕಡಿಯುವಾಗ ಸುಮ್ಮನೆ ನೋಡುತ್ತಾ ನಿಂತವರು ಜಾರ್ಖಂಡಿನ ಹೆಣ್ಣುಮಕ್ಕಳಲ್ಲ. ಹೊಲಕ್ಕೆ ಅಜ್ಜಂದಿರು ಇಟ್ಟ ಹೆಸರನ್ನು ಅಳಿಸಿ ಲೇಔಟಿಗೆ ಇಂಗ್ಲಿಷಿನ ಹೆಸರಿನ ಬೋರ್ಡು ಹಾಕಿಸಿದವರು ನಮ್ಮವರೇ. ನಮ್ಮವರು ಅಂದರೆ ಕನ್ನಡದವರು, ತೆಲುಗಿನವರು, ತಮಿಳಿನವರು, ಎಲ್ಲರೂ. ಈ ವಿಷಯದಲ್ಲಿ ಮಾತ್ರ ಎಷ್ಟು ಚೆಂದದ ಒಗ್ಗಟ್ಟು ನೋಡಿ!

2020ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ 1018 ಊರುಗಳ ಇಂಗ್ಲಿಷ್ ಹೆಸರನ್ನು ತಮಿಳು ಉಚ್ಚಾರಣೆಗೆ ತಕ್ಕಂತೆ ಬದಲಾಯಿಸಲು ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಆಗ ಎಷ್ಟು ಚರ್ಚೆ! ತಮಿಳಿನಲ್ಲಿ ನಮ್ಮೂರನ್ನು 'ಓಸೂರ್' ಅಂತ ಬರೆಯುತ್ತಾರೆ, ಹಕಾರ ಹೋದರೆ 'ಹೊಸ' ಅನ್ನುವ ಅರ್ಥವೇ ಹೋಯಿತು ಅಂತ ನಮ್ಮವರಿಗೆ ಇವತ್ತಿಗೂ ಬೇಸರ. ಒಪ್ಪುತ್ತೇನೆ. ಆದರೆ ಯಾವ ಆದೇಶವೂ ಇಲ್ಲದೆ, ಯಾವ ಗೆಜೆಟ್ಟೂ ಇಲ್ಲದೆ ದಿನಾ ಅಳಿಯುತ್ತಿರುವ ನೂರಾರು ಸಣ್ಣ ಹೆಸರುಗಳ ಬಗ್ಗೆ ಯಾರಿಗೂ ಸಿಟ್ಟಿಲ್ಲ. ಕೋಡಿ, ಕುಂಟೆ, ತೋಪು, ದಿಣ್ಣೆ, ಕಾಲುದಾರಿ... ಇವುಗಳಿಗೆ ಹೆಸರಿಟ್ಟವರು ಆ ನೆಲವನ್ನು ನೋಡಿ ಇಟ್ಟಿದ್ದರು. ಆ ಹೆಸರುಗಳಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವ ಲೆಕ್ಕವೂ ಇತ್ತು.

ಇದು ಬರೀ ಭಾವನೆಯ ಮಾತಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಏಳನೇ ತರಗತಿಯ ಮಕ್ಕಳಿಗೆ "ನಿಮ್ಮ ಬೀದಿ ಮೊದಲು ಏನಾಗಿತ್ತು, ಮೂರು ಮನೆಯಲ್ಲಿ ಕೇಳಿ ಬರೆದು ತನ್ನಿ" ಅಂದಿದ್ದೆ. ಒಬ್ಬ ಹುಡುಗ ತನ್ನ ಅಜ್ಜಿಯನ್ನೂ, ಮನೆಯ ಕೆಳಗಡೆ ಬಾಡಿಗೆಗಿದ್ದ ಒಡಿಶಾದ ಕೆಲಸಗಾರರನ್ನೂ ಕೇಳಿ ಬರೆದಿದ್ದ. ಕೆಲಸಗಾರರು ಹೇಳಿದ್ದು: "ಜೋರು ಮಳೆ ಬಂದರೆ ನಮ್ಮ ರೂಮಿನೊಳಗೆ ಯಾಕೆ ನೀರು ನುಗ್ಗುತ್ತದೆ ಅಂತ ಗೊತ್ತಿಲ್ಲ." ಅಜ್ಜಿ ಹೇಳಿದ್ದು: "ಅದು ಕೆರೆ ಕೋಡಿ ಹರಿಯೋ ಜಾಗ ಕಣಪ್ಪ, ನುಗ್ಗದೆ ಇನ್ನೇನು?" ಎರಡೂ ಉತ್ತರ ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು. ಅಜ್ಜಿ ಮೇಲೆ, ಬಾಡಿಗೆಯವರು ಕೆಳಗೆ, ನಡುವೆ ಒಂದು ಮೆಟ್ಟಿಲು. ಅಲ್ಲಿಯವರೆಗೆ ಅವರು ಒಬ್ಬರಿಗೊಬ್ಬರು ಮಾತೇ ಆಡಿರಲಿಲ್ಲ!

ಬಡಾವಣೆಯ ಚರಿತ್ರೆ ಅಂದರೆ ನನ್ನ ಪ್ರಕಾರ ಇದೇ. ಹಳಬರಿಗೆ ಗೊತ್ತಿದೆ, ಹೊಸಬರಿಗೆ ಬೇಕಾಗಿದೆ, ನಡುವೆ ದಾಟಿಸುವವರಿಲ್ಲ.

ದಾಟಿಸುವವರು ಎಲ್ಲಿಂದಲೋ ಬರುತ್ತಾರೆ ಅಂತ ಕಾಯಬೇಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಮಾಡಿದಾಗ ಬೆಂಗಳೂರು, ಕೋಲಾರ ಜಿಲ್ಲೆಗಳಿಗೆ ಬೇರೆ ಬೇರೆ ಸಂಪುಟಗಳೇ ಬಂದವು. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು, ಆ ಲೆಕ್ಕಕ್ಕೆ ಬರಲಿಲ್ಲ. ಈಚೆ ಕಡೆ ತಮಿಳುನಾಡಿನ ಪುರಾತತ್ವ ಇಲಾಖೆ ಧರ್ಮಪುರಿ ಜಿಲ್ಲೆಯ ಶಾಸನಗಳನ್ನು ಪುಸ್ತಕವಾಗಿ ತಂದಿದೆ. ಒಳ್ಳೆಯ ಕೆಲಸ. ಆದರೆ ಶಾಸನ ರಾಜರದ್ದು, ವೀರರದ್ದು, ದಾನ ಕೊಟ್ಟವರದ್ದು. ತೊರಪಳ್ಳಿಯಲ್ಲಿ ರಾಜಾಜಿ 1878ರಲ್ಲಿ ಹುಟ್ಟಿದ ಮನೆಯನ್ನು ಸರ್ಕಾರ ಸ್ಮಾರಕ ಮಾಡಿ ಉಳಿಸಿದೆ. ಅದೂ ಒಳ್ಳೆಯದೇ. ನಿಮ್ಮ ಬೀದಿಯ ನೇಕಾರನ ಮನೆಯನ್ನು, ಹಾಲಿನ ಡೇರಿಯನ್ನು, ಸಂತೆ ಕೂಡುತ್ತಿದ್ದ ಬಯಲನ್ನು ಯಾವ ಸರ್ಕಾರ ನೆನಪಿಟ್ಟುಕೊಳ್ಳುತ್ತದೆ? ಚೆನ್ನೈಗೆ ನಾವು ಮೂಲೆ, ಬೆಂಗಳೂರಿಗೆ ನಾವು ಹೊರಗು. ನವೆಂಬರ್ ಬಂದರೆ ಆಚೆಯಿಂದ ಅತಿಥಿಗಳು ಬರುತ್ತಾರೆ, ಶಾಲು ಹೊದಿಸುತ್ತಾರೆ, "ಗಡಿನಾಡ ಕನ್ನಡಿಗರೇ, ನಾವಿದ್ದೇವೆ" ಅನ್ನುತ್ತಾರೆ, ಸಂಜೆಗೆ ಕಾರು ಹತ್ತುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಶಾಲು ಹೊದ್ದುಕೊಂಡು ಮನೆಗೆ ಹೋಗಿ ಮಲಗುವ ನಮ್ಮವರ ಮೇಲೆ ಕೋಪ.

ಈ ಕೆಲಸಕ್ಕೆ ಸರಿಯಾದ ಜಾಗ ನಮ್ಮ ಕನ್ನಡ ಮಾಧ್ಯಮದ ಶಾಲೆ. ಯಾಕೆ ಹೇಳುತ್ತೇನೆ ಕೇಳಿ.

ಹಳೆಯ ಶಾಲೆಗಳ ದಾಖಲಾತಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಮಗುವಿನ ಹೆಸರಿನ ಮುಂದೆ ತಂದೆಯ ಕಸುಬು, ವಾಸದ ಜಾಗ, ಯಾವ ಊರಿನಿಂದ ಬಂದರು ಎಲ್ಲ ಇರುತ್ತದೆ. ವ್ಯವಸಾಯ ಅಂತ ಬರೆಯುತ್ತಿದ್ದ ಕಡೆ 'ಕಂಪನಿ ಕೆಲಸ' ಅಂತ ಬರೆಯಲು ಶುರುವಾದ ವರ್ಷ ಯಾವುದು? ಯಾವ ಹಳ್ಳಿಯಿಂದ ಮಕ್ಕಳು ಬರುವುದು ಯಾವಾಗ ನಿಂತಿತು? ನಮ್ಮ ಬಡಾವಣೆಯ ಇಷ್ಟು ಚೊಕ್ಕವಾದ ಚರಿತ್ರೆ ಇನ್ನೆಲ್ಲೂ ಸಿಗುವುದಿಲ್ಲ. ಮಕ್ಕಳಿಲ್ಲ ಅಂತ ಒಂದು ಶಾಲೆ ಮುಚ್ಚಿದ ದಿನ ಆ ಪುಸ್ತಕ ಗೋಣಿಚೀಲ ಸೇರಿ ಯಾವುದೋ ಕಚೇರಿಯ ಮೂಲೆಗೆ ಹೋಗುತ್ತದೆ. ಆಮೇಲೆ ಗೆದ್ದಲೇ ಅದರ ಓದುಗ.

"ಮೇಷ್ಟ್ರೇ, ಮೊದಲು ಶಾಲೆ ಉಳಿಯಲಿ, ಆಮೇಲೆ ಚರಿತ್ರೆ" ಅನ್ನುವವರಿದ್ದಾರೆ. ಅವರ ಕಷ್ಟ ನನಗೂ ಗೊತ್ತು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಹತ್ತನೇ ತರಗತಿಯ ಪರೀಕ್ಷೆಯ ವಿನಾಯಿತಿಗಾಗಿ ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಅಲೆದದ್ದೂ ಆಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಹಕ್ಕನ್ನು ಕೇಳುತ್ತಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕು ಕೇಳುವವರ ಹತ್ತಿರ ದಾಖಲೆ ಬೇಡವೇ? "ನಾವು ಇಲ್ಲಿ ತಲೆತಲಾಂತರದಿಂದ ಇದ್ದೇವೆ" ಅಂತ ಬಾಯಲ್ಲಿ ಹೇಳಿದರೆ ಯಾವ ಅಧಿಕಾರಿ ಒಪ್ಪುತ್ತಾನೆ? ಎಪ್ಪತ್ತು ವರ್ಷದ ದಾಖಲಾತಿ ಪುಸ್ತಕದ ಪ್ರತಿ ಮೇಜಿನ ಮೇಲಿಟ್ಟರೆ ಮಾತೇ ಬೇರೆ. ಶಾಲೆ ಉಳಿಸುವ ಕೆಲಸವೂ ಚರಿತ್ರೆ ಉಳಿಸುವ ಕೆಲಸವೂ ಒಂದೇ ಕಾಗದದಲ್ಲಿವೆ.

ಇನ್ನು ಮಾಡಬೇಕಾದದ್ದು. ದೊಡ್ಡ ಯೋಜನೆ ಏನೂ ಬೇಡ, ಮೂರೇ ಕೆಲಸ.

ಒಂದು, ದಾಖಲಾತಿ ಪುಸ್ತಕದ ಒಂದೊಂದು ಪುಟವನ್ನೂ ಫೋಟೊ ತೆಗೆದು ಎರಡು ಕಡೆ ಇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆ ಸಭೆಯಲ್ಲಿ ಮುಖ್ಯೋಪಾಧ್ಯಾಯರನ್ನು ಕೇಳಿ, ಅವರ ಒಪ್ಪಿಗೆ ಪಡೆದೇ ಮಾಡಿ. ಜನರ ಹೆಸರು, ಜಾತಿ ಬಯಲಿಗೆ ಬರಬಾರದು. ನಮಗೆ ಬೇಕಾದದ್ದು ಕಸುಬು, ಜಾಗ, ವರ್ಷ.

ಎರಡು, ಪೋಷಕರೇ, ನಿಮ್ಮ ಮನೆಯ ಪಟ್ಟಾ ತೆಗೆದು ಮಕ್ಕಳಿಗೆ ತೋರಿಸಿ. ಬೋರ್ಡಿನಲ್ಲಿ ಯಾವ ನಗರದ ಹೆಸರಿದ್ದರೂ ಪಟ್ಟಾದಲ್ಲಿ ಹಳೆಯ ಕಂದಾಯ ಗ್ರಾಮದ ಹೆಸರು, ಸರ್ವೆ ನಂಬರು ಇರುತ್ತದೆ. ಆ ಹೆಸರನ್ನು ಮಗು ತನ್ನ ಪುಸ್ತಕದ ಮೇಲೆ ವಿಳಾಸದ ಜೊತೆ ಬರೆಯಲಿ. ಹಾಗೇ ಇನ್ನೊಂದು ಕುಶಾಲಿನ ಪಾಠವೂ ಆಗುತ್ತದೆ: ಕಂದಾಯದ ತಮಿಳು ಕಾಗದದಲ್ಲಿ 'ಏರಿ' ಅಂದರೆ ಕೆರೆ, ನಮ್ಮ ಕನ್ನಡದಲ್ಲಿ ಏರಿ ಅಂದರೆ ಕೆರೆಯ ಕಟ್ಟೆ. ಒಂದು ಭಾಷೆಗೆ ನೀರು, ಇನ್ನೊಂದಕ್ಕೆ ದಂಡೆ. ಎರಡೂ ಗೊತ್ತಿದ್ದವರಿಗೆ ಪೂರ್ತಿ ಕೆರೆ ಕಾಣುತ್ತದೆ!

ಮೂರು, ಪ್ರತಿ ತರಗತಿಯೂ ವರ್ಷಕ್ಕೆ ಒಂದು ಬೀದಿ ಅಥವಾ ಒಂದು ಕೆರೆಯನ್ನು ಹಿಡಿಯಲಿ. ಒಂದು ಹಳೆಯ ಮನೆ, ಕಾರ್ಖಾನೆ ಬಂದ ಕಾಲಕ್ಕೆ ಬಂದ ಒಂದು ಮನೆ, ಈಗ ಬಂದವರ ಒಂದು ಮನೆ. ಮೂರನೆಯದನ್ನು ಬಿಡಬೇಡಿ. ಅವರು ತಮ್ಮ ಊರನ್ನು ಬಿಟ್ಟು ಯಾಕೆ ಬಂದರು, ನಮ್ಮ ಬೀದಿಯನ್ನು ಏನಂತ ಕರೆಯುತ್ತಾರೆ, ಬರೆದುಕೊಳ್ಳಿ. ಐವತ್ತು ವರ್ಷ ಆದ ಮೇಲೆ ಅವರೇ ಇಲ್ಲಿನ ಹಳಬರು. ರಾಮನಾಯಕನ ಕೆರೆಯ ಕಥೆಯನ್ನು ಆಗ ಹೇಳಬೇಕಾದವರೂ ಅವರ ಮಕ್ಕಳೇ. ಇವತ್ತು ನಾವು ಹೇಳಿಕೊಡದಿದ್ದರೆ ಅವರಿಗೆ ಎಲ್ಲಿಂದ ಗೊತ್ತಾಗಬೇಕು?

ಮಾರ್ಚ್ ಹೊತ್ತಿಗೆ ಬೆಟ್ಟದ ದೇವರ ತೇರು ಎಳೆಯುವಾಗ ಹಗ್ಗ ಹಿಡಿದವರನ್ನು "ನೀನು ಯಾವ ಊರಿನವನು" ಅಂತ ಯಾರೂ ಕೇಳುವುದಿಲ್ಲ. ಕೈ ಹಾಕಿದರೆ ಸಾಕು. ಊರಿನ ನೆನಪಿಗೂ ಅದೇ ನಿಯಮ ಇರಲಿ ಅನ್ನುತ್ತೇನೆ.

ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಮಡಕಶಿರಾ ಕಡೆಯ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಊರುಗಳೂ ಇಂದಲ್ಲ ನಾಳೆ ಹೀಗೇ ಬೆಳೆಯುತ್ತವೆ, ಇಲ್ಲವೇ ಖಾಲಿಯಾಗುತ್ತವೆ. ಎರಡರಲ್ಲಿ ಯಾವುದಾದರೂ ನಷ್ಟ ಒಂದೇ. ಮುಂದಿನ ಪೋಷಕರ ಸಭೆಯಲ್ಲಿ ಬೀರುವಿನ ಬೀಗ ತೆಗೆಸಿ, ದಾಖಲಾತಿ ಪುಸ್ತಕ ಎಲ್ಲಿದೆ, ಯಾವ ವರ್ಷದಿಂದ ಇದೆ ಅಂತ ನೋಡಿ. ಊರು ಹೋಯ್ತು ಅನ್ನುವ ಗೊಣಗಾಟ ಅದಾದ ಮೇಲೆ ಇಟ್ಟುಕೊಳ್ಳೋಣ. ಏನಂತೀರಿ?