ಮೆಲ್ಲಗೆ ಬರುವ ವಿಪತ್ತಿಗೆ ಪರಿಹಾರ ಯಾರದು?

ಅಮೆರಿಕದ ಅಲಾಸ್ಕಾದ ಪಶ್ಚಿಮ ಅಂಚಿನಲ್ಲಿ, ನಿಂಗ್ಲಿಕ್ ನದಿಯ ದಡದಲ್ಲಿ ನ್ಯೂಟಾಕ್ ಎಂಬ ಊರಿತ್ತು. ಅಲ್ಲಿದ್ದವರು ಯೂಪಿಕ್ ಮೂಲನಿವಾಸಿಗಳು, ಸುಮಾರು 350 ಮಂದಿ. ಉಳಿದಿದ್ದ ಕೊನೆಯ ಕುಟುಂಬಗಳು 2024ರ ಅಕ್ಟೋಬರ್‌ನಲ್ಲಿ ನದಿಯಾಚೆಯ ಮೆರ್ತಾರ್ವಿಕ್ ಎಂಬ ಹೊಸ ಊರಿಗೆ ಹೋದವು. ದೂರ ಸುಮಾರು 15 ಕಿ.ಮೀ. ಆದರೆ ಊರು ಬಿಡುವ ತೀರ್ಮಾನ ಆಗಿದ್ದು 1990ರ ದಶಕದಲ್ಲಿ. ಅಷ್ಟು ಸಣ್ಣ ದಾರಿಗೆ ಇಷ್ಟು ವರ್ಷ ಏಕೆ ಬೇಕಾಯಿತು?

ಮೊದಲು ಊರು ಕುಸಿದ ಬಗೆಯನ್ನು ನೋಡೋಣ. ಹಿಮ ಕರಗುತ್ತದೆ, ಸಮುದ್ರಮಟ್ಟ ಏರುತ್ತದೆ, ಊರು ಮುಳುಗುತ್ತದೆ ಎಂಬುದು ನಮಗೆ ಪರಿಚಿತ ವಿವರಣೆ. ಆರ್ಕ್ಟಿಕ್ ಸೀಮೆಯಲ್ಲಿ ಅದಕ್ಕೂ ಮೊದಲೇ ಬೇರೆ ಎರಡು ಹೊಡೆತಗಳು ಬಿದ್ದಿವೆ. 1979ರಿಂದೀಚೆಗೆ ಈ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಮೊದಲ ಹೊಡೆತ ಅಲೆಗಳದು. ಚಳಿಗಾಲಕ್ಕೆ ಮುನ್ನ ಪಕ್ಕದ ಬೇರಿಂಗ್ ಸಮುದ್ರದಲ್ಲಿ ದೊಡ್ಡ ಬಿರುಗಾಳಿಗಳು ಏಳುವುದು ಹಳೆಯ ಸಂಗತಿ. ಹಿಂದೆ ಆ ಹೊತ್ತಿಗೆ ತೀರದ ನೀರು ಹೆಪ್ಪುಗಟ್ಟಿ ಅಲೆಗಳನ್ನು ತಡೆಯುತ್ತಿತ್ತು. ಈಗ ಹೆಪ್ಪುಗಟ್ಟುವುದು ತಡವಾಗುತ್ತಿದ್ದು, ಅಲೆಗಳು ನೇರವಾಗಿ ನೆಲಕ್ಕೆ ಬಡಿಯುತ್ತಿವೆ.

ಎರಡನೆಯದು ನೆಲದೊಳಗಿನ ಬದಲಾವಣೆ. ವರ್ಷವಿಡೀ ಹೆಪ್ಪುಗಟ್ಟಿಯೇ ಇರುವ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದರೊಳಗಿನ ಮಂಜುಗಡ್ಡೆ ಕಲ್ಲುಗೋಡೆಯ ಗಾರೆಯ ಹಾಗೆ ಮಣ್ಣನ್ನು ಹಿಡಿದಿಟ್ಟಿರುತ್ತದೆ. ಅದು ಕರಗಿದರೆ ಮನೆಗಳು ವಾಲುತ್ತವೆ, ದಂಡೆ ಕುಸಿಯುತ್ತದೆ. ನ್ಯೂಟಾಕ್‌ನಲ್ಲಿ ನದಿ ವರ್ಷಕ್ಕೆ ಸರಾಸರಿ 70 ಅಡಿಯಷ್ಟು ದಡವನ್ನು ಕೊರೆದಿದೆ. 1996ರಲ್ಲಿ ಊರಿನ ಕಸ ಸುರಿಯುವ ಜಾಗವೇ ಕೊಚ್ಚಿಹೋಯಿತು.

ಇನ್ನು ತಡವಾದ ಕಾರಣ. ಯೂಪಿಕ್ ಜನ ಮೊದಲು ಒಂದೇ ಕಡೆ ನೆಲೆ ನಿಂತವರಲ್ಲ. ಮೀನು, ಸೀಲ್ ಬೇಟೆಗೆ ತಕ್ಕಂತೆ ಋತುವಿಗೊಂದು ಬಿಡಾರ ಮಾಡುತ್ತಿದ್ದರು. 1950ರ ದಶಕದಲ್ಲಿ ಸರ್ಕಾರ ಕಟ್ಟಿದ ಶಾಲೆ ಅವರನ್ನು ನ್ಯೂಟಾಕ್‌ನಲ್ಲಿಯೇ ನಿಲ್ಲಿಸಿತು. ಅವರು ದೂರದ ನಗರಕ್ಕೆ ಹೋದರೆ ಬೇಟೆಯೂ ಭಾಷೆಯೂ ಕೈತಪ್ಪುತ್ತಿದ್ದವು. ಹಾಗಾಗಿ ಊರಿಗೆ ಊರೇ ಹತ್ತಿರದಲ್ಲಿ ನೆಲೆಸಬೇಕೆಂದು ಬಯಸಿತು. 2003ರಲ್ಲಿ ಅಮೆರಿಕದ ಸಂಸತ್ತು ಹೊಸ ಊರಿಗಾಗಿ ಜಾಗದ ವಿನಿಮಯಕ್ಕೆ ಒಪ್ಪಿತು. ಜಾಗ ಸಿಕ್ಕರೂ ದುಡ್ಡು ಸಿಗಲಿಲ್ಲ. ಖಾಲಿಯಾಗಲಿರುವ ಊರಿಗೆ ಖರ್ಚು ಮಾಡಲು ಇಲಾಖೆಗಳಿಗೆ ಮನಸ್ಸಿರಲಿಲ್ಲ. ಜನರೇ ಇಲ್ಲದ ಹೊಸ ಊರಿಗೆ ಶಾಲೆ, ವಿಮಾನದ ಇಳಿದಾಣ ಕೊಡಲು ನಿಯಮವಿರಲಿಲ್ಲ. 2017ರಲ್ಲಿ ವಿಪತ್ತು ಘೋಷಣೆಗೆ ಊರವರು ಸಲ್ಲಿಸಿದ ಮನವಿಯನ್ನೂ ಕೇಂದ್ರ ಸರ್ಕಾರ ತಿರಸ್ಕರಿಸಿತು. ಅಲ್ಲಿನ ವಿಪತ್ತು ಕಾನೂನು ರೂಪುಗೊಂಡಿರುವುದು ಹಠಾತ್ತನೆ ಎರಗುವ ಆಪತ್ತಿಗಾಗಿ. ದಿನದಿನವೂ ಒಂದಿಷ್ಟು ಸವೆಯುವ ನೆಲ ಆ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಕುಟುಂಬಗಳು ಹೊಸ ಊರು ಸೇರಿದ್ದು 2019ರಲ್ಲಿ.

ನ್ಯೂಟಾಕ್ ಒಂದೇ ಅಲ್ಲ. ಅಲಾಸ್ಕಾದ್ದೇ ಆದ ಶಿಶ್ಮಾರೆಫ್ ಎಂಬ ದ್ವೀಪದ ಊರಿನ ಜನ 2002ರಲ್ಲೂ 2016ರಲ್ಲೂ ಸ್ಥಳಾಂತರದ ಪರವಾಗಿ ಮತ ಹಾಕಿದರು. ಊರು ಇನ್ನೂ ಅಲ್ಲೇ ಇದೆ. ಅಲ್ಲಿನದೇ ಕಿವಲೀನಾ ಎಂಬ ಊರು ಭೂಮಿ ಬಿಸಿಯಾಗುವುದಕ್ಕೆ ಹೊಣೆಯೆಂದು 2008ರಲ್ಲಿ ತೈಲ ಮತ್ತು ವಿದ್ಯುತ್ ಕಂಪನಿಗಳ ಮೇಲೆ ದಾವೆ ಹೂಡಿ ಸೋತಿತು.

ವಿಪತ್ತು ನಿಯಮಗಳಲ್ಲಿ ನಮ್ಮಲ್ಲೂ ಇಂಥದೇ ಕೊರತೆ ಇತ್ತು. ಕರಾವಳಿಯ ಉಳ್ಳಾಲ, ಮರವಂತೆಯ ಕಡಲ್ಕೊರೆತಕ್ಕೆ ಕಾರಣಗಳು ಬೇರೆ, ಅಲ್ಲಿ ಹಿಮವಿಲ್ಲ. ಆದರೆ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಸುನಾಮಿ ಇದ್ದವು, ಕಡಲ್ಕೊರೆತ ಇರಲಿಲ್ಲ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಇಡೀ ದೇಶದ ನದಿ, ಕಡಲ ದಂಡೆಗಳಿಗೆ ಇದು ಸಣ್ಣ ಮೊತ್ತ. ದಿಕ್ಕು ಮಾತ್ರ ಸರಿಯಾದದ್ದು.

ಪ್ರತಿ ಮಳೆಗಾಲದಲ್ಲಿ ಕಲ್ಲು ಸುರಿಯುವುದಕ್ಕೆ ಹಣ ಸಿಗುತ್ತದೆ, ಏಕೆಂದರೆ ಅದು ತುರ್ತು. ಊರನ್ನು ಸಕಾಲದಲ್ಲಿ, ಒಟ್ಟಾಗಿ, ಜನರ ಕಸುಬಿಗೆ ಹತ್ತಿರವಾಗಿ ಸ್ಥಳಾಂತರಿಸುವುದಕ್ಕೂ ಒಂದು ಇಲಾಖೆ, ಒಂದು ಕಾಲಮಿತಿ, ಒಂದು ಅನುದಾನ ಬೇಕು. ಇವು ಮೂರೂ ಇಲ್ಲದ್ದರಿಂದಲೇ 15 ಕಿ.ಮೀ. ದಾರಿಗೆ ಕಾಲು ಶತಮಾನ ಹಿಡಿಯಿತು.